ತೂಗುಕೋಲಿನ ಸಾಕ್ಷ್ಯ: ಪ್ಯಾಪಿನ್‌ನ ಕವಾಟ ಕುರಿತು ಒಂದು ಮರುವಿಚಾರ

ಅಧಿಕ ಒತ್ತಡದ ಅನಿಲ ಸ್ಥಾವರಗಳಲ್ಲಿರುವ ಸೇಫ್ಟಿ ವಾಲ್ವಿನ ವಂಶಾವಳಿಯನ್ನು ಡೆನಿಸ್ ಪ್ಯಾಪಿನ್‌ನಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ನನ್ನ ತಕರಾರಿಲ್ಲ. ಫ್ರಾಂಸ್ವಾ ಅರಾಗೋ 1829ರಲ್ಲಿ ಉಗಿಯಂತ್ರದ ಚರಿತ್ರೆ ಬರೆಯುತ್ತ ಆ ಶ್ರೇಯವನ್ನು ತನ್ನ ದೇಶಬಾಂಧವನಿಗೆ ಸಲ್ಲಿಸಿದ. ಅವನ ಹಿಂದೆ ಬಂದ ಕೈಪಿಡಿಕಾರರು ಅಷ್ಟಕ್ಕೇ ನಿಲ್ಲದೆ, ಸ್ಫೋಟ ತಡೆಯಲೆಂದೇ ಪ್ಯಾಪಿನ್ ಕವಾಟ ರೂಪಿಸಿದನೆಂದು ಸೇರಿಸಿಕೊಂಡರು. ಮೂಲ ಪುಸ್ತಕ ತೆರೆದು ನೋಡುವ ಶ್ರಮವನ್ನು ಅವರಲ್ಲಿ ಹೆಚ್ಚಿನವರು ತೆಗೆದುಕೊಂಡಂತಿಲ್ಲ.

ಆ ಪುಸ್ತಕ ಲಂಡನ್ನಿನಲ್ಲಿ 1681ರಲ್ಲಿ ಪ್ರಕಟವಾಯಿತು. ವಿಷಯ, ಮೂಳೆ ಬೇಯಿಸುವ ಪಾತ್ರೆ. ಮುಚ್ಚಳದ ಸಣ್ಣ ಕೊಳವೆಯ ಬಾಯಿಗೆ ಒಂದು ಬಿಲ್ಲೆ, ಅದನ್ನು ಒತ್ತಿಹಿಡಿಯುವ ಸನ್ನೆಕೋಲು, ಕೋಲಿಗೆ ನೇತುಹಾಕಿದ ತೂಕ. ಇದನ್ನು ಪ್ಯಾಪಿನ್ ಯಾವ ಸಂದರ್ಭದಲ್ಲಿ ವಿವರಿಸುತ್ತಾನೆ? ಒಳಗಿನ ಒತ್ತಡ ಎಷ್ಟೆಂದು ತಿಳಿಯುವ ಬಗೆಯನ್ನು ಹೇಳುವಾಗ. ಅದರ ಜೊತೆಯಲ್ಲೇ ಶಾಖ ತಿಳಿಯುವ ಉಪಾಯವೂ ಬರುತ್ತದೆ: ಮುಚ್ಚಳದ ಮೇಲೆ ಒಂದು ಹನಿ ನೀರು ಹಾಕಿ, ಅದು ಆರಲು ಹಿಡಿದ ಹೊತ್ತನ್ನು ಲೋಲಕದಿಂದ ಎಣಿಸುವುದು. ಎರಡೂ ಮಾಪಕಗಳೇ. ಒಂದು ಶಾಖಕ್ಕೆ, ಇನ್ನೊಂದು ಒತ್ತಡಕ್ಕೆ. ಈ ಜೋಡಿಯನ್ನು ಒಡೆದು, ಹನಿಯನ್ನು ವಿನೋದವೆಂದು ಬದಿಗಿಟ್ಟು, ಕವಾಟವನ್ನಷ್ಟೇ ಎತ್ತಿಕೊಂಡದ್ದರಿಂದ ಗೊಂದಲ ಹುಟ್ಟಿತು.

ರಚನೆಯೂ ಇದನ್ನೇ ಹೇಳುತ್ತದೆ. ಬರೀ ರಕ್ಷಣೆಯೇ ಉದ್ದೇಶವಾಗಿದ್ದರೆ ಬಿಲ್ಲೆಯ ಮೇಲೊಂದು ಕಲ್ಲು ಸಾಕಿತ್ತು. ಮಿತಿ ಒಂದೇ ತಾನೇ? ಸಂತೆಯ ತೂಗುಕೋಲಿನಂತೆ ತೂಕವನ್ನು ಕೋಲಿನುದ್ದಕ್ಕೂ ಸರಿಸಬೇಕಾದದ್ದು ಬೇರೆ ಬೇರೆ ಒತ್ತಡಗಳನ್ನು ಅಳೆಯುವವನಿಗೆ. ಹಾಯ್ಗೆನ್ಸ್ ಮತ್ತು ಬಾಯ್ಲ್ ಜೊತೆ ವಾಯುಪಂಪುಗಳ ಮೇಲೆ ದುಡಿದು ಬಂದ ಪ್ಯಾಪಿನ್‌ಗೆ ಒತ್ತಡವೆಂದರೆ ಮೊದಲು ಅಳೆಯಬೇಕಾದ ವಸ್ತು. (ಈ ಕವಾಟ ಪಾತ್ರೆಯನ್ನು ಒಡೆಯದಂತೆಯೂ ಕಾಯುತ್ತಿತ್ತು, ಒಪ್ಪುತ್ತೇನೆ. ಆದರೆ ಫಲವನ್ನೇ ಉದ್ದೇಶವೆನ್ನುವವರ ಜೊತೆ ವಾದ ಕಷ್ಟ.)

ಅರಾಗೋ ಬರೆದ ಕಾಲವನ್ನೂ ಗಮನಿಸಬೇಕು. ಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದ ದಿನಗಳವು. 1823ರ ಫ್ರೆಂಚ್ ರಾಜಾಜ್ಞೆ ಅಧಿಕ ಒತ್ತಡದ ಬಾಯ್ಲರಿಗೆ ಎರಡು ಕವಾಟಗಳನ್ನು ಕಡ್ಡಾಯ ಮಾಡಿ, ಕೆಲಸಗಾರನ ಕೈಗೆ ಸಿಗದಂತೆ ಒಂದಕ್ಕೆ ಬೀಗ ಹಾಕಿಸಿತ್ತು. ಆ ಕಾಲದ ಓದುಗರಿಗೆ ಕವಾಟವೆಂದರೆ ಕಾವಲುಗಾರನೇ.

ಬೀಗದ ಅಗತ್ಯವೇನೆಂಬುದು ಡೆಸಗುಲಿಯರ್ಸ್ 1744ರಲ್ಲಿ ದಾಖಲಿಸಿದ ಒಂದು ಸಾವಿನಿಂದ ತಿಳಿಯುತ್ತದೆ. ಸೇವರಿ ರೂಪಿಸಿದ ಉಗಿಯಂತ್ರದ ಸ್ವರೂಪವೇ ಗೊತ್ತಿಲ್ಲದ ಒಬ್ಬಾತ, ಕೆಲಸ ಬೇಗ ಸಾಗಲೆಂದು ಅದರ ಕವಾಟದ ತೂಕವನ್ನು ಕೋಲಿನ ತುದಿಗೆ ಸರಿಸಿ, ಸಾಲದೆಂದು ಭಾರವಾದ ಕಬ್ಬಿಣವನ್ನೂ ನೇತುಹಾಕಿದ. ಬಾಯ್ಲರು ಸಿಡಿದು ಸತ್ತ. ಸರಿಸಲು ಬರುವ ತೂಕ ಮಾಪಕಕ್ಕೆ ಗುಣ, ಕಾವಲಿಗೆ ದೋಷ. ಈ ದೋಷ ಪ್ಯಾಪಿನ್‌ನ ಅಜಾಗರೂಕತೆಯಲ್ಲ. ಅಳತೆಗೆಂದು ಹುಟ್ಟಿದ ಸಾಧನವನ್ನು ಕಾವಲಿಗಿಟ್ಟದ್ದರ ಪರಿಣಾಮ. ಇಂಗ್ಲೆಂಡಿನ ಜಾನ್ ರ‍್ಯಾಮ್ಸ್‌ಬಾಟಮ್ 1855ರಲ್ಲಿ ಎರಡು ಕವಾಟಗಳ ನಡುವೆ ಒಂದೇ ಸ್ಪ್ರಿಂಗ್ ಬಿಗಿದು, ಚಾಲಕ ಸನ್ನೆಕೋಲನ್ನು ಎತ್ತಿದರೂ ಅದುಮಿದರೂ ಒತ್ತಡದ ಮಿತಿ ಏರದಂತೆ ಮಾಡಿದ. ಅಳೆಯುವ ಕೆಲಸವನ್ನು ಬಿಟ್ಟು ಕಾವಲಿಗಷ್ಟೇ ನಿಂತ ಕವಾಟವನ್ನು ಹುಡುಕುವವರು ನೋಡಬೇಕಾದದ್ದು ಅಲ್ಲಿ, 1681ರಲ್ಲಲ್ಲ.