ಎರಡು ರೈಲ್ವೆಗಳ ಒಂದು ರೈಲು: ಜಿನೀವಾದ ಲೆಮಾನ್ ಎಕ್ಸ್‌ಪ್ರೆಸ್

ಸ್ವಿಟ್ಜರ್ಲೆಂಡಿನ ನೈಋತ್ಯ ತುದಿಯಲ್ಲಿರುವ ಜಿನೀವಾ ಪ್ರಾಂತ್ಯದ ಗಡಿಯ ಉದ್ದ ನೂರು ಕಿ.ಮೀ.ಗೆ ತುಸು ಹೆಚ್ಚು. ಅದರಲ್ಲಿ ಸ್ವದೇಶಕ್ಕೆ ತಾಗಿಕೊಂಡಿರುವುದು ನಾಲ್ಕೂವರೆ ಕಿ.ಮೀ. ಮಾತ್ರ, ಮಿಕ್ಕಿದ್ದೆಲ್ಲ ಫ್ರಾನ್ಸ್. ಸಂಬಳ ಜಿನೀವಾದಲ್ಲಿ ಹೆಚ್ಚು, ಮನೆ ಬಾಡಿಗೆಯೂ ಅಲ್ಲೇ ಹೆಚ್ಚು. ಹಾಗಾಗಿ ಫ್ರಾನ್ಸಿನ ಕಡೆ ಮನೆ ಮಾಡಿಕೊಂಡು ಜಿನೀವಾದಲ್ಲಿ ದುಡಿಯುವವರ ಸಂಖ್ಯೆ ಒಂದು ಲಕ್ಷ ದಾಟಿದೆ. ಇವರಲ್ಲಿ ಹೆಚ್ಚಿನವರು ಬಹುಕಾಲ ಕಾರಿನಲ್ಲೇ ಗಡಿ ದಾಟುತ್ತಿದ್ದರು, ಬೆಳಿಗ್ಗೆ ಸಂಜೆ ರಸ್ತೆಗಳು ಕಟ್ಟಿಕೊಳ್ಳುತ್ತಿದ್ದವು.

2019ರ ಡಿಸೆಂಬರ್ 15ರಂದು ಶುರುವಾದ ಲೆಮಾನ್ ಎಕ್ಸ್‌ಪ್ರೆಸ್ ಈ ಜನರಿಗಾಗಿ ಹುಟ್ಟಿದ ರೈಲುಜಾಲ. 230 ಕಿ.ಮೀ. ಹಳಿ, 45 ನಿಲ್ದಾಣ, ಆರು ಮಾರ್ಗ. ಜಿನೀವಾ ಸರೋವರದ ಸ್ವಿಸ್ ದಡದ ಕೊಪ್ಪೆಯಿಂದ ಹೊರಟ ಗಾಡಿ ಜಿನೀವಾ ಹಾದು, ಗಡಿಯಾಚೆಯ ಆನ್‌ಮಾಸ್ ಮುಟ್ಟಿ, ಅಲ್ಲಿಂದ ಎವಿಯಾಂ, ಆನ್ಸಿ, ಇಲ್ಲವೇ ಮಾಂಟ್ ಬ್ಲಾಂಕ್ ಬುಡದ ಸೇಂ-ಜೆರ್ವೆ ಕಡೆ ತಿರುಗುತ್ತದೆ. ಹೆಸರು ಎಕ್ಸ್‌ಪ್ರೆಸ್ ಆದರೂ ನಮ್ಮ ಲೆಕ್ಕದಲ್ಲಿ ಇದು ಪ್ಯಾಸೆಂಜರ್ ಗಾಡಿಯೇ.

ಹದಿನಾರು ಕಿ.ಮೀ.ಗೆ ನೂರು ವರ್ಷ

ಲಿಯೋನ್ ಕಡೆಯ ಹಳಿ ಜಿನೀವಾದ ಕೋರ್ನವಾಂ ನಿಲ್ದಾಣಕ್ಕೆ ಬಂದದ್ದು 1858ರಲ್ಲಿ. ಆಗ ಪಕ್ಕದ ಸಾವೊಯ್ ಪ್ರದೇಶ ಇನ್ನೂ ಫ್ರಾನ್ಸಿಗೆ ಸೇರಿರಲಿಲ್ಲ, ಸೇರಿದ್ದು 1860ರಲ್ಲಿ. ಆಮೇಲೆ 1888ರಲ್ಲಿ ಆನ್‌ಮಾಸ್‌ನಿಂದ ಇನ್ನೊಂದು ಹಳಿ ಬಂದು ಊರಿನ ಮತ್ತೊಂದು ಬದಿಯ ಓ-ವೀವ್‌ನಲ್ಲಿ ಕೊನೆಯಾಯಿತು. ಒಂದೇ ಊರಿನಲ್ಲಿ ಎರಡು ನಿಲ್ದಾಣ. ನಡುವೆ ರೋನ್ ಮತ್ತು ಆರ್ವ್ ನದಿಗಳು, ತುಂಬಿದ ಬಡಾವಣೆಗಳು. ಎರಡನ್ನೂ ಜೋಡಿಸುವ ಒಪ್ಪಂದಕ್ಕೆ 1912ರಲ್ಲಿ ಸ್ವಿಸ್ ಒಕ್ಕೂಟವೂ ಜಿನೀವಾ ಪ್ರಾಂತ್ಯವೂ ಸಹಿ ಹಾಕಿದವು. 1949ರಲ್ಲಿ ಕೋರ್ನವಾಂನಿಂದ ಲಾ ಪ್ರೈ ಗೂಡ್ಸ್ ಯಾರ್ಡಿನವರೆಗೆ ಹಳಿ ಬಂತು. ಕೆಲಸ ಅಲ್ಲಿಗೇ ನಿಂತಿತು, ಅರ್ಧ ಶತಮಾನ ಯಾರೂ ಮುಂದಕ್ಕೆ ಒಯ್ಯಲಿಲ್ಲ.

ಓ-ವೀವ್ ಹಳಿಯ ಪಾಡು ಇನ್ನೂ ವಿಚಿತ್ರ. ನೆಲ ಸ್ವಿಸ್, ಒಡೆತನ ಜಿನೀವಾ ಪ್ರಾಂತ್ಯದ್ದು, ಓಡುತ್ತಿದ್ದದ್ದು ಮಾತ್ರ ಫ್ರೆಂಚ್ ರೈಲು. ಸ್ವಿಟ್ಜರ್ಲೆಂಡಿನ ಬೇರೆ ಯಾವ ಹಳಿಗೂ ಅದು ಕೂಡಿಕೊಂಡಿರಲಿಲ್ಲ.

ಎರಡೂ ನಿಲ್ದಾಣಗಳನ್ನು ಕೂಡಿಸಿ ಆನ್‌ಮಾಸ್‌ವರೆಗೆ ಒಯ್ಯುವ 16 ಕಿ.ಮೀ. ಯೋಜನೆಗೆ 2000ದ ದಶಕದಲ್ಲಿ ಮತ್ತೆ ಜೀವ ಬಂತು. ಇದರಲ್ಲಿ 14 ಕಿ.ಮೀ. ಸ್ವಿಸ್ ನೆಲದಲ್ಲಿ, 2 ಕಿ.ಮೀ. ಫ್ರಾನ್ಸಿನಲ್ಲಿ. ಮಾರ್ಗದ ಮೇಲಿನ ನಿವಾಸಿಗಳ ಆಕ್ಷೇಪಣೆಗಳು ಕೋರ್ಟಿನವರೆಗೆ ಹೋದವು. ಗಡಿಯಾಚೆಯ ನೌಕರರ ಮೇಲಿನ ಅಸಹನೆ ಜಿನೀವಾ ರಾಜಕೀಯದಲ್ಲಿ ಹೊಸದೇನಲ್ಲ, ಅದೂ ಸೇರಿಕೊಂಡಿತು. ಕೊನೆಗೆ 2009ರ ನವೆಂಬರ್ 29ರಂದು ಹೆಚ್ಚುವರಿ ಹಣದ ಪ್ರಶ್ನೆಯನ್ನು ಜನರ ಮುಂದಿಟ್ಟಾಗ ಶೇ. 61ರಷ್ಟು ಮತದಾರರು ಒಪ್ಪಿಗೆ ಕೊಟ್ಟರು. ತಮ್ಮ ತೆರಿಗೆಯಿಂದ ನೆರೆದೇಶದವರು ಕೆಲಸಕ್ಕೆ ಬರಲು ಹಳಿ ಹಾಕುವುದಕ್ಕೆ ಜನರೇ ಮತ ಹಾಕಿ ಹೂಂ ಅಂದದ್ದು ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಅಪರೂಪದ್ದಾಗಿ ಕಾಣುತ್ತದೆ. 2011ರ ನವೆಂಬರಿನಲ್ಲಿ ಕೆಲಸ ಶುರುವಾಯಿತು. ಸ್ವಿಸ್ ಭಾಗಕ್ಕೇ ಸುಮಾರು 1.6 ಶತಕೋಟಿ ಫ್ರಾಂಕ್ ತಗಲಿತು. ಒಕ್ಕೂಟವೂ ಪ್ರಾಂತ್ಯವೂ ಹಂಚಿಕೊಂಡು ಕೊಟ್ಟವು.

ಹೊಸ ಮಾರ್ಗ ಬಹುಪಾಲು ನೆಲದಡಿಯಲ್ಲೇ ಸಾಗುತ್ತದೆ. ನಿಲ್ದಾಣಗಳ ವಿನ್ಯಾಸ ಫ್ರೆಂಚ್ ವಾಸ್ತುಶಿಲ್ಪಿ ಝಾಂ ನೂವೆಲ್ ಅವರದು; ಗಾಜಿನ ದೊಡ್ಡ ದೊಡ್ಡ ಇಟ್ಟಿಗೆಗಳ ಗೋಡೆಗಳಿಂದ ಹಗಲಿನ ಬೆಳಕು ಕೆಳಗಿನ ಪ್ಲಾಟ್‌ಫಾರ್ಮಿನವರೆಗೂ ಇಳಿಯುತ್ತದೆ. ಹಳೆಯ ಓ-ವೀವ್ ಹಳಿ ಸುರಂಗಕ್ಕಿಳಿದ ಮೇಲೆ ತೆರವಾದ ನೆಲದಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಆನ್‌ಮಾಸ್ ಕಡೆಗೆ ಹಸಿರು ದಾರಿ ಮಾಡಿಕೊಟ್ಟಿದ್ದಾರೆ.

ಗಾಡಿ ಯಾರದು, ಹೊಣೆ ಯಾರದು

ಸ್ವಿಸ್ ಫೆಡರಲ್ ರೈಲ್ವೆ ಮತ್ತು ಫ್ರಾನ್ಸಿನ ರಾಷ್ಟ್ರೀಯ ರೈಲ್ವೆ ಎಸ್‌ಎನ್‌ಸಿಎಫ್ 2017ರಲ್ಲಿ ಲೆಮಾನಿಸ್ ಎಂಬ ಜಂಟಿ ಕಂಪನಿ ಕಟ್ಟಿದವು. ಸ್ವಿಸ್ ಪಾಲು ಶೇ. 60, ಫ್ರೆಂಚ್ ಪಾಲು ಶೇ. 40. ಹೆಸರು ಕೇಳಿದರೆ ಇದೇ ಕಂಪನಿ ರೈಲು ಓಡಿಸುತ್ತದೆ ಅನ್ನಿಸುತ್ತದೆ. ಹಾಗಲ್ಲ. ವೇಳಾಪಟ್ಟಿಯ ಹೊಂದಾಣಿಕೆ, ಪ್ರಯಾಣಿಕರಿಗೆ ಮಾಹಿತಿ, ಪ್ರಚಾರ, ಗುಣಮಟ್ಟದ ಮೇಲೆ ಕಣ್ಣು ಇಷ್ಟು ಅದರ ಕೆಲಸ. ರೈಲು ಓಡಿಸುವ ಹೊಣೆ ತಾಯಿ ಕಂಪನಿಗಳದ್ದೇ. ಗಾಡಿಗಳೂ ಎರಡು ಬಗೆಯವು: ಸ್ವಿಸ್ ಕಡೆಯಿಂದ ಸ್ಟಾಡ್ಲರ್ ಕಂಪನಿಯ 23 ಫ್ಲರ್ಟ್ ಗಾಡಿಗಳು, ಫ್ರೆಂಚ್ ಕಡೆಯಿಂದ ಆಲ್ಸ್ಟಮ್‌ನ 17 ರೆಜಿಯೊಲಿಸ್ ಗಾಡಿಗಳು. ಒಟ್ಟು ನಲವತ್ತು, ಎರಡೂ ಬಗೆಯವು ಬೆರೆತು ಓಡುತ್ತವೆ.

ನಷ್ಟ ತುಂಬಿಕೊಡುವವರು ಮತ್ತೆ ಬೇರೆ. ಪ್ರಾದೇಶಿಕ ರೈಲು ಟಿಕೆಟ್ ಹಣದಲ್ಲಿ ಬದುಕುವುದಿಲ್ಲ. ಸ್ವಿಸ್ ಕಡೆ ಒಕ್ಕೂಟ ಮತ್ತು ಪ್ರಾಂತ್ಯಗಳು, ಫ್ರೆಂಚ್ ಕಡೆ ಒವೆರ್ನ್-ರೋನ್-ಆಲ್ಪ್ ಪ್ರದೇಶ ಸರ್ಕಾರ ದುಡ್ಡು ಹಾಕುತ್ತವೆ. ಒಂದು ಗಾಡಿ ತಡವಾಗಿ ಬಂದರೆ ಕೇಳಬೇಕಾದವರ ಸಾಲು ಎಷ್ಟು ಉದ್ದ ಎಂಬುದನ್ನು ಊಹಿಸಿಕೊಳ್ಳಿ.

ಈ ಹೊಣೆಯ ಪರೀಕ್ಷೆ ಮೊದಲ ದಿನವೇ ಆಯಿತು. ಪಿಂಚಣಿ ಸುಧಾರಣೆಯ ವಿರುದ್ಧ ಫ್ರಾನ್ಸಿನಲ್ಲಿ ರೈಲು ನೌಕರರ ದೊಡ್ಡ ಮುಷ್ಕರ ನಡೆಯುತ್ತಿದ್ದ ಹೊತ್ತದು. ನೂರು ವರ್ಷ ಕಾದ ಸೇವೆ ಉದ್ಘಾಟನೆಯಾದಾಗ ಫ್ರೆಂಚ್ ಭಾಗದ ಸಂಚಾರ ಅಸ್ತವ್ಯಸ್ತವಾಗಿತ್ತು.

ತಂತಿಯಲ್ಲಿ ಎರಡು ಬಗೆಯ ಕರೆಂಟು

ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರು ಇಲ್ಲದಿರಬಹುದು, ತಂತಿಯ ಕರೆಂಟು ಮಾತ್ರ ಬದಲಾಗುತ್ತದೆ. ಸ್ವಿಸ್ ಹಳಿಯ ಮೇಲೆ 15 ಸಾವಿರ ವೋಲ್ಟ್, 16.7 ಹರ್ಟ್ಸ್. ಫ್ರೆಂಚ್ ಕಡೆ 25 ಸಾವಿರ ವೋಲ್ಟ್, 50 ಹರ್ಟ್ಸ್. ಇಪ್ಪತ್ತನೇ ಶತಮಾನದ ಆರಂಭದ ಮೋಟಾರುಗಳು 50 ಹರ್ಟ್ಸ್ ಕರೆಂಟಿನಲ್ಲಿ ಕಿಡಿ ಹಾರಿಸಿ ಹಾಳಾಗುತ್ತಿದ್ದವು. ಅದಕ್ಕೇ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಸ್ವೀಡನ್, ನಾರ್ವೆಗಳು ಅದರ ಮೂರನೇ ಒಂದು ಪಾಲನ್ನು ಆರಿಸಿಕೊಂಡವು. ರೈಲಿಗೆಂದೇ ಬೇರೆ ವಿದ್ಯುತ್ ಜಾಲ ಬೇಕಾಯಿತು. ಇಂದಿಗೂ ಅದೇ ನಡೆದಿದೆ.

ಮನೆಗೆ ಬರುವ 50 ಹರ್ಟ್ಸ್ ಕರೆಂಟಿನಲ್ಲೇ ರೈಲು ಓಡಿಸಬಹುದೆಂದು ಫ್ರೆಂಚರು ಪಟ್ಟು ಹಿಡಿದು ತೋರಿಸಿದ್ದು ಎರಡನೇ ಮಹಾಯುದ್ಧದ ನಂತರ. ಪ್ರಯೋಗಕ್ಕೆ ಆರಿಸಿಕೊಂಡದ್ದು ಎಕ್ಸ್-ಲೆ-ಬೇನ್‌ನಿಂದ ಆನ್ಸಿ ಮೂಲಕ ಲಾ ರೋಶ್-ಸ್ಯುರ್-ಫೊರೊಂಗೆ ಹೋಗುವ ಬೆಟ್ಟದ ಹಳಿಯನ್ನು, 1950ರ ಹೊತ್ತಿಗೆ, ಮೊದಲು 20 ಸಾವಿರ ವೋಲ್ಟ್‌ನಲ್ಲಿ. ಅದರ ಬೆನ್ನಿಗೆ ನಿಂತ ಎಸ್‌ಎನ್‌ಸಿಎಫ್ ಮುಖ್ಯಸ್ಥ ಲೂಯಿ ಅರ್ಮಾಂ ಹುಟ್ಟಿದ್ದು ಅಲ್ಲೇ ಸಮೀಪದ ಕ್ರುಸೇಯ್ ಎಂಬ ಊರಿನಲ್ಲಿ. ಲೆಮಾನ್ ಎಕ್ಸ್‌ಪ್ರೆಸ್‌ನ ಆನ್ಸಿ ಮಾರ್ಗ ಈ ಪ್ರಯೋಗದ ಹಳಿಯ ಮೇಲೇ ಓಡುತ್ತದೆ. ಭಾರತೀಯ ರೈಲ್ವೆ 1957ರಲ್ಲಿ 25 ಸಾವಿರ ವೋಲ್ಟ್ ವ್ಯವಸ್ಥೆಯನ್ನು ಒಪ್ಪಿಕೊಂಡದ್ದು ಎಸ್‌ಎನ್‌ಸಿಎಫ್ ಸಲಹೆಯ ಮೇಲೆಯೇ. ಇವತ್ತು ಬೆಂಗಳೂರು–ಮೈಸೂರು ಹಳಿಯ ಮೇಲೆ ತೂಗುವ ತಂತಿ ಆ ಬೆಟ್ಟದ ಹಳಿಯ ನೇರ ಸಂತತಿ.

ಗಾಡಿ ಕರೆಂಟು ಬದಲಿಸುವುದು ಹೇಗೆ? ಎರಡು ತಂತಿಗಳು ಎಂದೂ ತಾಗಬಾರದು. ಆದ್ದರಿಂದ ನಡುವೆ ಕರೆಂಟಿಲ್ಲದ ಒಂದು ತುಂಡು ಇರುತ್ತದೆ. ಚಾಲಕ ಮುಖ್ಯ ಬ್ರೇಕರ್ ತೆರೆಯುತ್ತಾನೆ. ಮೋಟಾರಿನ ಗುಂಯ್‌ಗುಡುವಿಕೆ, ಏರ್ ಕಂಡೀಷನರಿನ ಸದ್ದು ನಿಲ್ಲುತ್ತದೆ, ದೀಪಗಳು ಬ್ಯಾಟರಿಯಿಂದ ಉರಿಯುತ್ತಿರುತ್ತವೆ. ಬಂದ ವೇಗದಲ್ಲೇ ಗಾಡಿ ಆಚೆಗೆ ಜಾರಿದ ಮೇಲೆ ಹೊಸ ವ್ಯವಸ್ಥೆಗೆ ಹೊಂದಿಸಿಕೊಂಡು ಬ್ರೇಕರ್ ಮತ್ತೆ ಮುಚ್ಚುತ್ತದೆ. ಗಾಡಿಯೊಳಗೆ ಬಂದ ಕರೆಂಟು ಮೊದಲು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಡಿ.ಸಿ. ಆಗಿ, ಆಮೇಲೆ ಮೋಟಾರಿಗೆ ಬೇಕಾದ ರೂಪ ಪಡೆಯುವುದರಿಂದ ಇಂದು ಇದು ಕಷ್ಟದ ಕೆಲಸವಲ್ಲ. ಕಡಿಮೆ ಹರ್ಟ್ಸ್‌ಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಗಾಡಿ ತುಸು ಭಾರವಾಗುತ್ತದೆ, ಅಷ್ಟೇ.

ಕರೆಂಟಿನ ಗಡಿ ಎಲ್ಲ ಕಡೆಯೂ ದೇಶದ ಗಡಿಯಲ್ಲೇ ಇರುವುದಿಲ್ಲ. ಜಿನೀವಾದಿಂದ ಲಾ ಪ್ಲೇನ್‌ಗೆ ಹೋಗುವ ಸ್ವಿಸ್ ಹಳಿಯಲ್ಲಿ ಮೊದಲು 1500 ವೋಲ್ಟ್ ಡಿ.ಸಿ. ಇತ್ತು, 2014ರಲ್ಲಿ ಅದನ್ನು ತೆಗೆದು ಫ್ರಾನ್ಸಿನ 25 ಸಾವಿರ ವೋಲ್ಟ್ ಹಾಕಿದರು.

ಸಿಗ್ನಲ್‌ಗಳೂ ಬೇರೆ, ಅಪಾಯದಲ್ಲಿ ಗಾಡಿಯನ್ನು ತಾನಾಗಿ ನಿಲ್ಲಿಸುವ ಉಪಕರಣಗಳೂ ಬೇರೆ. ಪ್ರತಿ ಗಾಡಿಯೂ ಎರಡನ್ನೂ ಹೊತ್ತು ತಿರುಗುತ್ತದೆ. ಯುರೋಪಿನ ನಿಯಮದಂತೆ ನೆರೆದೇಶದ ಹಳಿಗೆ ಹೋಗುವ ಚಾಲಕನಿಗೆ ಅಲ್ಲಿನ ಭಾಷೆಯೂ ತಕ್ಕಮಟ್ಟಿಗೆ ಬರಬೇಕು. ಜಿನೀವಾದ ಅದೃಷ್ಟ, ಎರಡೂ ಕಡೆ ಫ್ರೆಂಚೇ.

ಒಂಟಿ ಹಳಿಯ ಕಾಟ

ಕೊಪ್ಪೆ–ಆನ್‌ಮಾಸ್ ನಡುವೆ ಕಾಲು ಗಂಟೆಗೊಂದು ಗಾಡಿ. ಜೊತೆಗೆ ವೇಗದ ಪ್ರಾದೇಶಿಕ ರೈಲುಗಳು ಬೇರೆ. ಕೋರ್ನವಾಂನಿಂದ ಆನ್‌ಮಾಸ್‌ಗೆ ಇಪ್ಪತ್ತು ನಿಮಿಷದ ಆಸುಪಾಸು. ಆನ್‌ಮಾಸ್ ದಾಟಿದ ಮೇಲೆ ಚಿತ್ರ ಬದಲಾಗುತ್ತದೆ. ಎವಿಯಾಂ, ಆನ್ಸಿ ಮಾರ್ಗಗಳು ಬಹುತೇಕ ಒಂಟಿ ಹಳಿ. ಎದುರಿನ ಗಾಡಿಯ ಕ್ರಾಸಿಂಗಿಗೆ ಕಾಯುವುದು ಏನೆಂದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದ ನಿಲ್ದಾಣವೊಂದರಲ್ಲಿ ಕಳೆದ ಐದು ನಿಮಿಷ ಆನ್‌ಮಾಸ್‌ಗೆ ಬರುವಷ್ಟರಲ್ಲಿ ಸ್ವಿಸ್ ವೇಳಾಪಟ್ಟಿಯ ಇಕ್ಕಟ್ಟಾದ ಸಾಲಿಗೆ ನುಗ್ಗಿ, ಸರೋವರದ ಆಚೆ ದಡದ ಗಾಡಿಗಳನ್ನೂ ಕೆಡಿಸುತ್ತದೆ. ಸ್ವಿಸ್ ಕಡೆ ಸುರಂಗಕ್ಕೆ ಸುರಿದ ಹಣದ ಒಂದು ಪಾಲು ಫ್ರೆಂಚ್ ಕಡೆ ಎರಡನೇ ಹಳಿಗೂ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಆ ಖಜಾನೆ ಬೇರೆ. ಇಷ್ಟಾದರೂ, ದಿನಕ್ಕೆ 50 ಸಾವಿರ ಪ್ರಯಾಣಿಕರೆಂದು ಆರಂಭದಲ್ಲಿ ಹಾಕಿದ್ದ ಅಂದಾಜನ್ನು ಸೇವೆ ಮೀರಿ ಬೆಳೆದಿದೆ.

ಟಿಕೆಟ್, ತಪಾಸಣೆ, ಮಾಂಸ

ಗಡಿ ದಾಟುವವರಿಗೆ ಲೆಮಾನ್ ಪಾಸ್ ಎಂಬ ಜಂಟಿ ಟಿಕೆಟ್ ಉಂಟು. ಎರಡೂ ಕಡೆಯ ರೈಲು, ಟ್ರಾಮ್, ಬಸ್ಸಿನ ವಲಯಗಳನ್ನು ಕೂಡಿಸಿಕೊಳ್ಳಬಹುದು. ಒಂದು ಕಡೆ ಫ್ರಾಂಕ್, ಇನ್ನೊಂದು ಕಡೆ ಯೂರೋ.

ಸ್ವಿಟ್ಜರ್ಲೆಂಡ್ 2008ರಲ್ಲಿ ಷೆಂಗೆನ್ ವ್ಯವಸ್ಥೆಗೆ ಸೇರಿದ್ದರಿಂದ ದಿನನಿತ್ಯದ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ಯುರೋಪಿಯನ್ ಒಕ್ಕೂಟದ ಸುಂಕ ಕೂಟಕ್ಕೆ ಮಾತ್ರ ಅದು ಸೇರಿಲ್ಲ, ಆದ್ದರಿಂದ ಸುಂಕದವರು ಚೀಲ ನೋಡಬಹುದು. ಫ್ರಾನ್ಸಿನಲ್ಲಿ ಅಗ್ಗವೆಂದು ವಾರದ ಸಂತೆ ಮಾಡಿ ಬರುವ ಜಿನೀವಾದವರಿಗೆ ಈ ನಿಯಮ ಬಾಯಿಪಾಠ: ಸುಂಕವಿಲ್ಲದೆ ತರಬಹುದಾದ ಮಾಂಸ ತಲೆಗೆ ಒಂದು ಕಿಲೋ.

ಇಂಥವೇ ಇನ್ನೆರಡು

ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿ, ಟಿಚೀನೊ ಪ್ರಾಂತ್ಯ ಮತ್ತು ಇಟಲಿಯ ಲೊಂಬಾರ್ಡಿ ನಡುವೆ, 2004ರಲ್ಲಿ ಹುಟ್ಟಿದ ಟಿಲೊ ಕಂಪನಿ ಇದಕ್ಕೆ ಅಣ್ಣ. ಇಂದು ಸ್ವಿಸ್ ಫೆಡರಲ್ ರೈಲ್ವೆಯೂ ಇಟಲಿಯ ಟ್ರೆನೋರ್ಡ್ ಕಂಪನಿಯೂ ಅದರಲ್ಲಿ ಅರ್ಧರ್ಧ ಪಾಲುದಾರರು. ಅಲ್ಲಿಯ ಮೆಂಡ್ರಿಸಿಯೊ–ವರೇಸೆ ಹಳಿಯ ಸ್ವಿಸ್ ಭಾಗ 2014ರಲ್ಲೇ ಸಿದ್ಧವಾಗಿತ್ತು. ಇಟಲಿಯ ಕಡೆ ಅಗೆದ ಮಣ್ಣಿನಲ್ಲಿ ಆರ್ಸೆನಿಕ್ ಸಿಕ್ಕಿ ಕೆಲಸ ನಿಂತಿತು. ವರೇಸೆಗೆ ರೈಲು ಹೋದದ್ದು 2018ರ ಜನವರಿಯಲ್ಲಿ.

ಡೆನ್ಮಾರ್ಕ್–ಸ್ವೀಡನ್ ನಡುವಿನ ಓರೆಸುಂಡ್ ಸೇತುವೆ 2000ದ ಜುಲೈ 1ರಂದು ತೆರೆಯಿತು. ಕರೆಂಟಿನ ಭೇದದ ಜೊತೆಗೆ ಅಲ್ಲಿ ಇನ್ನೊಂದು ತೊಡಕು: ಡ್ಯಾನಿಷ್ ರೈಲುಗಳು ಬಲಗಡೆ ಹಳಿಯಲ್ಲಿ, ಸ್ವೀಡಿಷ್ ರೈಲುಗಳು ಎಡಗಡೆ ಹಳಿಯಲ್ಲಿ ಓಡುತ್ತವೆ. ಎಂಜಿನಿಯರುಗಳು ಅದನ್ನೂ ಬಗೆಹರಿಸಿದರು. ಆದರೆ ನಿರಾಶ್ರಿತರ ವಲಸೆ ಹೆಚ್ಚಿದಾಗ ಸ್ವೀಡನ್ 2016ರ ಜನವರಿಯಿಂದ ಗುರುತಿನ ಚೀಟಿ ಕಡ್ಡಾಯ ಮಾಡಿತು. ಕೋಪನ್‌ಹೇಗನ್‌ನಿಂದ ಹೊರಟವರು ಕಾಸ್ಟ್ರುಪ್ ವಿಮಾನ ನಿಲ್ದಾಣದ ಸ್ಟೇಷನ್ನಿನಲ್ಲಿ ಇಳಿದು, ಚೀಟಿ ತೋರಿಸಿ, ಬೇರೆ ಗಾಡಿ ಹತ್ತಬೇಕಾಯಿತು.

ಕ್ಯಾಸಲ್‌ರಾಕ್‌ನಿಂದ ಜನಕಪುರಕ್ಕೆ

ಕರ್ನಾಟಕದ ನೆಲದಲ್ಲೂ ಒಂದು ಕಾಲಕ್ಕೆ ದೇಶಗಡಿಯ ರೈಲು ನಿಲ್ದಾಣ ಇತ್ತು. ಉತ್ತರ ಕನ್ನಡದ ಕ್ಯಾಸಲ್‌ರಾಕ್ ಬ್ರಿಟಿಷ್ ಭಾರತದ ಕೊನೆ. ಘಟ್ಟ ಇಳಿದರೆ ಪೋರ್ಚುಗೀಸ್ ಗೋವಾ. ಮೊರ್ಮುಗೋವಾ ಬಂದರಿನ ಹಳಿ 1888ರ ಹೊತ್ತಿಗೆ ಇಲ್ಲಿಗೆ ಬಂದು ಕೂಡಿಕೊಂಡಿತು. ಹಳಿ ಪೋರ್ಚುಗೀಸ್ ರೈಲ್ವೆ ಕಂಪನಿಯದು, ಆದರೆ 1902ರಿಂದ ಓಡಿಸುವ ಗುತ್ತಿಗೆ ಸದರ್ನ್ ಮರಾಠಾ ರೈಲ್ವೆಗೆ ಹೋಯಿತು. ಬ್ರಿಟಿಷರ ಸುಂಕದ ಕಟ್ಟೆ ಕ್ಯಾಸಲ್‌ರಾಕ್‌ನಲ್ಲಿ, ಪೋರ್ಚುಗೀಸರದು ಕುಳೇಮಿನಲ್ಲಿ. 1955ರಲ್ಲಿ ಗೋವಾ ವಿಮೋಚನೆಯ ಬಿಸಿಯಲ್ಲಿ ಗಡಿ ಸಂಚಾರ ನಿಂತಿತು. 1961ರ ಡಿಸೆಂಬರಿನಲ್ಲಿ ಗಡಿಯೇ ಹೋಯಿತು.

ಈಗಿನ ದಿನಗಳಲ್ಲಿ ಲೆಮಾನ್ ಎಕ್ಸ್‌ಪ್ರೆಸ್‌ಗೆ ನಮ್ಮ ಕಡೆ ತೀರ ಹತ್ತಿರದ್ದೆಂದರೆ ಬಿಹಾರದ ಜಯನಗರದಿಂದ ನೇಪಾಳದ ಜನಕಪುರ ಹಾದು ಕುರ್ಥಾ ಕಡೆಗೆ ಹೋಗುವ ರೈಲು. 1937ರ ನ್ಯಾರೋಗೇಜ್ ಹಳಿ 2014ರಲ್ಲಿ ಮುಚ್ಚಿ, ಬ್ರಾಡ್‌ಗೇಜ್ ಆಗಿ 2022ರ ಏಪ್ರಿಲ್ 2ರಂದು ಮತ್ತೆ ತೆರೆಯಿತು. ಓಡಿಸುವುದು ನೇಪಾಳ ರೈಲ್ವೆ ಕಂಪನಿ. ಚೆನ್ನೈಯಲ್ಲಿ ತಯಾರಾದ ಎರಡು ಡೆಮು ಗಾಡಿಗಳನ್ನು ಒದಗಿಸಿ, ತಂತ್ರಜ್ಞರನ್ನೂ ಕಳಿಸಿದ್ದು ಕರ್ನಾಟಕ ಸರ್ಕಾರವೂ ಪಾಲುದಾರನಾಗಿರುವ ಕೊಂಕಣ ರೈಲ್ವೆ. ಭಾರತ ಮತ್ತು ನೇಪಾಳದ ನಾಗರಿಕರು ಗುರುತಿನ ಚೀಟಿ ತೋರಿಸಿ ಹತ್ತಬಹುದು. ಮೂರನೇ ದೇಶದವರಿಗೆ ಗಡಿ ದಾಟುವ ಟಿಕೆಟ್ ಇಲ್ಲ.