ಹನ್ನೊಂದರಿಂದ ಐದಕ್ಕೆ

ಕೈಯಿಂದ ಉಣ್ಣುವ ನಮಗೆ ಇಂಗ್ಲಿಷರ ಹಳೆಯ ಊಟದ ಮೇಜು ಒಂದು ಸೋಜಿಗವೇ ಸರಿ. ಒಬ್ಬ ಅತಿಥಿಗೆಂದು ಸಂಪ್ರದಾಯವು ಗೊತ್ತುಮಾಡಿದ್ದ ಚಾಕು, ಚಮಚ, ಫೋರ್ಕುಗಳು ಒಟ್ಟು ಹನ್ನೊಂದು. ಸೂಪಿಗೆ ಒಂದು, ಮೀನಿಗೆ ಬೇರೆ, ಮಾಂಸಕ್ಕೆ ಬೇರೆ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಅರಿಯದವನು ಆ ಪಂಕ್ತಿಯಲ್ಲಿ ಸಣ್ಣವನಾಗುತ್ತಿದ್ದ. ಈ ಹನ್ನೊಂದು ಐದಕ್ಕೆ ಇಳಿದ ಕಥೆ ಶೆಫೀಲ್ಡ್ ಎಂಬ ಉಕ್ಕಿನ ಊರಿಗೆ ಸೇರಿದ್ದು.

ಇದೆಲ್ಲವೂ ಬರಿಯ ಒಣಜಂಭವೆಂದು ತಳ್ಳಿಹಾಕುವಂತಿಲ್ಲ. ಹಳೆಯ ಉಕ್ಕಿನ ಚಾಕು ಹರಿತವಾಗಿತ್ತು, ಆದರೆ ಹುಳಿಯನ್ನು ತಾಳುತ್ತಿರಲಿಲ್ಲ. ನಿಂಬೆಯ ರಸವೋ ವಿನೆಗರೋ ಸೋಕಿದರೆ ಕಪ್ಪಿಡುತ್ತಿತ್ತು. ತಿನಿಸಿಗೂ ಲೋಹದ ರುಚಿ ಹತ್ತುತ್ತಿತ್ತು. ಆದುದರಿಂದಲೇ ನಿಂಬೆ ಹಿಂಡಿದ ಮೀನಿಗೂ ಹಣ್ಣಿಗೂ ಬೆಳ್ಳಿಯ ಅಲಗು ಬೇಕಾಯಿತು. ಉಕ್ಕಿನ ಚಾಕುಗಳನ್ನಾದರೋ ಸೇವಕರು ಪುಡಿ ಹಚ್ಚಿ ತಿಕ್ಕಿ, ಒರಸಿ, ಒಣಗಿಸಿಡಬೇಕಾಗಿತ್ತು.

1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಕೋವಿಯ ನಳಿಗೆ ಬೇಗ ಸವೆಯದಂತೆ ಮಾಡಬಲ್ಲ ಉಕ್ಕನ್ನು ಅರಸುತ್ತಿದ್ದ. ಉಕ್ಕು ಕರಗಿಸುವವನ ಮಗನಾದ ಆತ ಬಾಲ್ಯದಲ್ಲೇ ಶಾಲೆ ಬಿಟ್ಟು ದುಡಿಮೆಗೆ ಇಳಿದವನು. ಸುಮಾರು ನೂರಕ್ಕೆ ಹದಿಮೂರು ಪಾಲು ಕ್ರೋಮಿಯಂ ಬೆರೆಸಿದ ಉಕ್ಕು ಆಮ್ಲಕ್ಕೆ ಮಣಿಯದಿರುವುದನ್ನು ಅವನು ಕಂಡ. ಕ್ರೋಮಿಯಂ ಗಾಳಿಯೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಕಟ್ಟುತ್ತದೆ. ಗೀರು ಬಿದ್ದರೆ ಆ ಪೊರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಬ್ರೇರ್ಲಿಗೆ ಕೂಡಲೇ ತನ್ನೂರಿನ ಚಾಕುಗಳ ನೆನಪಾಯಿತು. ಚಾಕು ಮಾಡುವವರು ಮಾತ್ರ ಒಪ್ಪಲಿಲ್ಲ. ಬಡಿಯುವುದಕ್ಕೂ ಸಾಣೆ ಹಿಡಿಯುವುದಕ್ಕೂ ಕಷ್ಟವಾದ ಈ ಉಕ್ಕನ್ನು ಕಂಡು, ಕತ್ತರಿಸದ ಚಾಕುವನ್ನು ಕಂಡುಹಿಡಿದವನೆಂದು ಅವನನ್ನು ಹಾಸ್ಯ ಮಾಡಿದರು. ವಿನೆಗರಿನಲ್ಲಿಟ್ಟು ಪರೀಕ್ಷಿಸಿದ ಅರ್ನೆಸ್ಟ್ ಸ್ಟುವರ್ಟ್ ಎಂಬಾತ ಅದನ್ನು 'ಸ್ಟೇನ್‌ಲೆಸ್', ಎಂದರೆ ಕಲೆಯಿಲ್ಲದ್ದು, ಎಂದು ಕರೆದ. ಆ ಹೆಸರೇ ನಿಂತಿತು.

ಮೀನಿಗೆ ಬೆಳ್ಳಿಯೇ ಬೇಕೆಂಬ ಕಾರಣವೇನೋ ಹೀಗೆ ಅಳಿಯಿತು, ಆದರೆ ಮೀನಿನ ಚಾಕು ಅಳಿಯಲಿಲ್ಲ. ಹೊಸ ಲೋಹವು ಬೆಳ್ಳಿಯ ಉಡುಗೆಯನ್ನೇ ತೊಟ್ಟುಕೊಂಡು, ಅದೇ ಸುರುಳಿ, ಅದೇ ಅಂಚು, ಅದೇ ಎಣಿಕೆಯೊಡನೆ ಮೇಜಿಗೆ ಬಂದಿತು. ಆಚಾರವು ತನ್ನ ಕಾರಣಕ್ಕಿಂತ ದೀರ್ಘಾಯುಷಿ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಉಕ್ಕಿಗೆ ಅದರದೇ ರೂಪವನ್ನು ಕೊಡುವ ಪ್ರಯತ್ನ ಎರಡನೆಯ ಮಹಾಯುದ್ಧದ ಅನಂತರದ್ದು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೊಬ್ಸನ್ 1957ರಲ್ಲಿ ರೂಪಿಸಿದ ಚಮಚಗಳಲ್ಲಿ ಅಲಂಕಾರದ ಒಂದು ಗೆರೆಯೂ ಇಲ್ಲ. ಶೆಫೀಲ್ಡಿನಲ್ಲಿ ಈ ಕೆಲಸಕ್ಕೆ ಕೈಯಿಟ್ಟವನು 1930ರಲ್ಲಿ ಅಲ್ಲಿಯೇ ಹುಟ್ಟಿದ ಡೇವಿಡ್ ಮೆಲ್ಲರ್. ತಂದೆ ಉಪಕರಣ ತಯಾರಿಸುವ ಕುಶಲಕರ್ಮಿ. ಮಗ ಕಲಿತದ್ದು ಬೆಳ್ಳಿಯ ಕೆಲಸ. ವಿದ್ಯಾರ್ಥಿಯಾಗಿದ್ದಾಗಲೇ ಆತ ರೂಪಿಸಿದ 'ಪ್ರೈಡ್' ಎಂಬ ಬೆಳ್ಳಿಲೇಪದ ಚಾಕು-ಚಮಚಗಳಿಗೆ 1957ರಲ್ಲಿ ರಾಷ್ಟ್ರೀಯ ವಿನ್ಯಾಸ ಪ್ರಶಸ್ತಿ ಬಂದಿತು.

1963ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ರಾಯಭಾರ ಕಚೇರಿಗಳ ಮೇಜಿಗೆಂದು ಮೆಲ್ಲರನಿಂದ 'ಎಂಬಸಿ' ಎಂಬ ಅಪ್ಪಟ ಬೆಳ್ಳಿಯ ಸಾಮಾನು ಮಾಡಿಸಿತು. ಎರಡೇ ವರ್ಷಗಳ ಬಳಿಕ, 1965ರಲ್ಲಿ, ಅದೇ ಸರ್ಕಾರ ಅದೇ ಕೈಗೆ ಇನ್ನೊಂದು ಕೆಲಸವನ್ನು ಒಪ್ಪಿಸಿತು. ಸರ್ಕಾರಿ ಕ್ಯಾಂಟೀನು, ಆಸ್ಪತ್ರೆ, ಸೆರೆಮನೆ, ರೈಲುಗಳಲ್ಲಿ ಉಣ್ಣುವವರಿಗೆ ಸ್ಟೇನ್‌ಲೆಸ್ ಸ್ಟೀಲಿನ ಚಾಕು-ಚಮಚ ಬೇಕಾಗಿದ್ದವು. ಮೆಲ್ಲರ್ ಹನ್ನೊಂದನ್ನು ಐದಕ್ಕೆ ಇಳಿಸಿದ. ಆ ಮಾದರಿಯ ಹೆಸರು 'ಥ್ರಿಫ್ಟ್', ಮಿತವ್ಯಯ.

ಉದ್ದೇಶ ಖರ್ಚು ತಗ್ಗಿಸುವುದೇ ಹೊರತು ಸಮಾನತೆಯಲ್ಲ, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ರಾಯಭಾರಿಯ ಬೆಳ್ಳಿಗೆ ಕೊಟ್ಟ ಮನಸ್ಸನ್ನೇ ಆ ಕಲಾವಿದ ಕೈದಿಯ ಚಮಚಕ್ಕೂ ಕೊಟ್ಟ ಎಂಬುದು ಸಣ್ಣ ಮಾತಲ್ಲ. ಮುಂದೆ ಬ್ರಿಟನ್ನಿನ ಬೀದಿಗಳ ಸಂಚಾರ ದೀಪಗಳಿಗೆ ರೂಪ ಕೊಟ್ಟವನೂ ಅವನೇ. 2009ರಲ್ಲಿ ಆತ ತೀರಿಕೊಂಡ.

ಬ್ರೇರ್ಲಿಯ ಮೂಸೆಯಲ್ಲಿ ಉಕ್ಕು ಕಲೆಯನ್ನು ಕಳೆದುಕೊಂಡದ್ದು 1913ರಲ್ಲಿ. ಅದು ತೆರೆದ ದಾರಿಯಲ್ಲಿ ಮೇಜಿನ ಆಚಾರ ಹೆಜ್ಜೆಯಿಡಲು ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು.