ಉದ್ಯೋಗಕ್ಕಾಗಿ ಪ್ರೋಗ್ರಾಮಿಂಗ್ ತರಬೇತಿ: ಆಯ್ಕೆ ಮತ್ತು ಅನುಕ್ರಮ

ಉದ್ಯೋಗಕ್ಕಾಗಿ ಪ್ರೋಗ್ರಾಮಿಂಗ್ ಕಲಿಯಬಯಸುವವರು ಯಾವ ತರಬೇತಿಗಳನ್ನು ಆರಿಸಿಕೊಳ್ಳಬೇಕು, ಅವುಗಳನ್ನು ಯಾವ ಅನುಕ್ರಮದಲ್ಲಿ ಕಲಿಯಬೇಕು ಎಂಬುದು ಗಣಕ ಶಿಕ್ಷಣದ ಒಂದು ವ್ಯಾವಹಾರಿಕ ಪ್ರಶ್ನೆಯಾಗಿದೆ. ಆಯ್ಕೆ ಎಂದರೆ ಉದ್ದೇಶಿತ ಕೆಲಸಕ್ಕೆ ಅಗತ್ಯವಾದ ವಿಷಯಗಳನ್ನು ಗುರುತಿಸಿ ಉಳಿದುದನ್ನು ಬಿಡುವುದು. ಅನುಕ್ರಮ ಎಂದರೆ ಒಂದು ವಿಷಯವು ಇನ್ನೊಂದರ ಮೇಲೆ ನಿಲ್ಲುವ ಬಗೆಯನ್ನು ಅರಿತು ಹಿಂದುಮುಂದುಗಳನ್ನು ನಿಶ್ಚಯಿಸುವುದು. ಕಲಿಕೆಯ ಸಾಮಗ್ರಿಗೆ ಇಂದು ಕೊರತೆಯಿಲ್ಲ; ಉಚಿತವಾಗಿಯೇ ಹೇರಳವಾಗಿ ದೊರೆಯುತ್ತದೆ. ಆದರೂ ತರಬೇತಿಗೆ ಸೇರಿದವರಲ್ಲಿ ಅನೇಕರು ನಡುವೆಯೇ ಕೈಬಿಡುತ್ತಾರೆ. ಇದಕ್ಕೆ ಬುದ್ಧಿಯ ಕೊರತೆಗಿಂತ ಕ್ರಮದ ಕೊರತೆಯೇ ಹೆಚ್ಚಿನ ಸಲ ಕಾರಣ. ಕಾಗುಣಿತ ತಿಳಿಯದ ಮಗುವಿಗೆ ಷಟ್ಪದಿಯ ಲಕ್ಷಣ ಹೇಳಿದರೆ ತಪ್ಪು ಮಗುವಿನದಲ್ಲ.

ಹಿನ್ನೆಲೆ

ಗಣಕಗಳ ಆರಂಭದ ದಿನಗಳಲ್ಲಿ ಯಂತ್ರವನ್ನು ಮಾರುವ ಸಂಸ್ಥೆಯೇ ಅದನ್ನು ಬಳಸುವವರಿಗೆ ತರಬೇತಿಯನ್ನೂ ನೀಡುತ್ತಿತ್ತು. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಬೇಸಿಕ್ ಭಾಷೆಯನ್ನು ರೂಪಿಸಿದರು. ವಿಜ್ಞಾನದ ವಿದ್ಯಾರ್ಥಿಗಳಲ್ಲದವರೂ ಪ್ರೋಗ್ರಾಮ್ ಬರೆಯುವಂತಾಗಬೇಕೆಂಬುದು ಅವರ ಆಶಯವಾಗಿತ್ತು. 1968ರಲ್ಲಿ ಎಸಿಎಂ ಸಂಘಟನೆಯು ಪದವಿ ಹಂತದ ಗಣಕ ವಿಜ್ಞಾನಕ್ಕೆ ಒಂದು ಪಠ್ಯಕ್ರಮವನ್ನು ಶಿಫಾರಸು ಮಾಡಿತು. ಪ್ರತಿ ಪತ್ರಿಕೆಗೂ ಅದಕ್ಕೆ ಮೊದಲು ಕಲಿತಿರಬೇಕಾದ ಪತ್ರಿಕೆಗಳನ್ನು ಅದರಲ್ಲಿ ಸೂಚಿಸಲಾಗಿತ್ತು. ಹಿಂದುಮುಂದಿನ ಪ್ರಶ್ನೆ ಈ ವಿಷಯದಷ್ಟೇ ಹಳೆಯದು ಎಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿ 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್‌ಟೆಕ್ ಆರಂಭವಾದ ಬಳಿಕ ಖಾಸಗಿ ತರಬೇತಿಯು ಜಿಲ್ಲಾ ಕೇಂದ್ರಗಳವರೆಗೂ ಹರಡಿತು. ಖಾಸಗಿ ಸಂಸ್ಥೆಗಳ ಕಲಿಕೆಗೆ ಒಂದು ಸಮಾನ ಅಳತೆಗೋಲನ್ನು ಒದಗಿಸುವ ಸಲುವಾಗಿ ಡೋಯೆಕ್ ಯೋಜನೆ ರೂಪುಗೊಂಡಿತು. ಈ ಸಂಸ್ಥೆಯ ಇಂದಿನ ಹೆಸರು ನೀಲಿಟ್. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹಳೆಯ ಪ್ರೋಗ್ರಾಮ್‌ಗಳ ಎರಡಂಕಿ ಇಸವಿಯನ್ನು ತಿದ್ದಬೇಕಾಗಿ ಬಂದಾಗ ಕೋಬಾಲ್ ಬಲ್ಲವರಿಗೆ ಏಕಾಏಕಿ ಬೇಡಿಕೆ ಉಂಟಾಯಿತು. 2000 ಕಳೆದ ಮೇಲೆ ಆ ಬೇಡಿಕೆ ಇಳಿಯಿತು. ಒಂದೇ ಉಪಕರಣವನ್ನು ನಂಬಿ ಕಲಿತವರು ಆಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. 2012ರಲ್ಲಿ ಕೋರ್ಸೆರಾ ಮತ್ತು ಎಡೆಕ್ಸ್, 2017ರಲ್ಲಿ ಭಾರತ ಸರ್ಕಾರದ ಸ್ವಯಂ ವೇದಿಕೆ ಬಂದ ಮೇಲೆ ಮನೆಯಲ್ಲಿಯೇ ಕುಳಿತು ವಿಶ್ವವಿದ್ಯಾಲಯದ ಪಾಠವನ್ನು ಕೇಳುವುದು ಸಾಧ್ಯವಾಯಿತು.

ಕೆಲಸದಿಂದ ಹಿಂದಕ್ಕೆ ನಡೆಯುವುದು

ಯಾವ ಕೋರ್ಸು ಉತ್ತಮ ಎಂದು ಕೇಳುವುದಕ್ಕೆ ಮೊದಲು ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳಬೇಕು. ಪ್ರೋಗ್ರಾಮಿಂಗ್ ಎಂಬ ಒಂದೇ ಹೆಸರಿನಡಿ ಬಹಳ ಭಿನ್ನವಾದ ಕೆಲಸಗಳಿವೆ. ಬ್ಯಾಂಕಿನ ಲೆಕ್ಕಪತ್ರಗಳ ತಂತ್ರಾಂಶ, ಮೊಬೈಲಿನ ಆಪ್, ವಾಹನದೊಳಗಿನ ನಿಯಂತ್ರಕ, ದತ್ತಾಂಶದ ವಿಶ್ಲೇಷಣೆ, ಇತರರು ಬರೆದುದನ್ನು ಪರೀಕ್ಷಿಸುವ ಕೆಲಸ ಇವೆಲ್ಲವೂ ಅದರೊಳಗೆ ಸೇರುತ್ತವೆ. ತಾನು ಸೇರಬಯಸುವ ಹುದ್ದೆಯ ಹತ್ತಿಪ್ಪತ್ತು ಪ್ರಕಟಣೆಗಳನ್ನು ಓದಿ, ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಕಲಿಯಬೇಕಾದುದರ ಸ್ಥೂಲ ಚಿತ್ರ ದೊರೆಯುತ್ತದೆ. ಈಗಾಗಲೇ ಉದ್ಯೋಗದಲ್ಲಿರುವವರಿಗೆ ಇದು ಇನ್ನೂ ಸುಲಭ. ದಿನವೂ ಕೈಯಿಂದ ಮಾಡುತ್ತಿರುವ ಬೇಸರದ ಕೆಲಸ ಯಾವುದೋ ಅದನ್ನು ಯಂತ್ರದಿಂದ ಮಾಡಿಸಲು ಬೇಕಾದ ವಿಷಯವೇ ಅವರ ಮೊದಲ ಪಾಠವಾಗಬಹುದು. ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರಿಗೆ ಎಕ್ಸೆಲ್ ಹಾಳೆಗಳನ್ನು ಒಟ್ಟುಗೂಡಿಸುವ ಚಿಕ್ಕದೊಂದು ಪೈಥಾನ್ ಪ್ರೋಗ್ರಾಮ್ ಆರು ತಿಂಗಳ ಡಿಪ್ಲೊಮಾಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಪ್ರಕಟಣೆಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಅವು ಬೇಕಾದುದನ್ನೆಲ್ಲ ಪಟ್ಟಿ ಮಾಡುತ್ತವೆಯೇ ಹೊರತು ಯಾವುದು ಮೊದಲು, ಯಾವುದು ಬಳಿಕ ಎಂದು ಹೇಳುವುದಿಲ್ಲ. ಪಟ್ಟಿಯಲ್ಲಿ ಮೊದಲು ಕಂಡ ಫ್ರೇಮ್‌ವರ್ಕಿನ ತರಬೇತಿಗೆ ನೇರವಾಗಿ ಸೇರಿ ಎಡವುವವರು ಬಹಳ.

ಪೂರ್ವಾಪೇಕ್ಷೆ ಮತ್ತು ಅನುಕ್ರಮ

ಒಂದನ್ನು ಕಲಿಯಲು ಮೊದಲೇ ತಿಳಿದಿರಬೇಕಾದ ವಿಷಯಕ್ಕೆ ಪೂರ್ವಾಪೇಕ್ಷೆ ಎನ್ನುತ್ತಾರೆ. ಪೂರ್ವಾಪೇಕ್ಷೆಗಳಿರುವ ವಿಷಯಗಳನ್ನು ಸರಿಯಾದ ಸಾಲಿನಲ್ಲಿ ಜೋಡಿಸುವುದು ಗಣಕ ವಿಜ್ಞಾನದಲ್ಲಿಯೇ ಒಂದು ಪ್ರಸಿದ್ಧ ಸಮಸ್ಯೆ. ಅದಕ್ಕೆ ಟೊಪೊಲಾಜಿಕಲ್ ಸಾರ್ಟ್ ಎಂದು ಹೆಸರು; 1962ರಲ್ಲಿ ಆರ್ಥರ್ ಕಾನ್ ಪ್ರಕಟಿಸಿದ ವಿಧಾನ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ವಿಧಾನ ಸರಳ: ಯಾವ ಪೂರ್ವಾಪೇಕ್ಷೆಯೂ ಇಲ್ಲದ ವಿಷಯವನ್ನು ಮೊದಲು ತೆಗೆದುಕೊಳ್ಳುವುದು, ಅದು ಮುಗಿದ ಮೇಲೆ ಉಳಿದ ವಿಷಯಗಳ ಪೂರ್ವಾಪೇಕ್ಷೆಗಳ ಪಟ್ಟಿಯಿಂದ ಅದರ ಹೆಸರನ್ನು ಹೊಡೆದುಹಾಕುವುದು, ಮತ್ತೆ ಖಾಲಿ ಪಟ್ಟಿಯಿರುವ ವಿಷಯವನ್ನು ಹುಡುಕುವುದು. ಕಾಗದ ಪೆನ್ಸಿಲುಗಳಿಂದ ಯಾರೂ ಇದನ್ನು ಮಾಡಬಹುದು.

ಜಾಲತಾಣಗಳನ್ನು ರಚಿಸುವ ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪುಟದ ರಚನೆಯನ್ನು ತಿಳಿಸುವ ಎಚ್‌ಟಿಎಂಎಲ್‌ಗೆ ಯಾವ ಪೂರ್ವಾಪೇಕ್ಷೆಯೂ ಇಲ್ಲ. ಪ್ರೋಗ್ರಾಮಿಂಗಿನ ಮೂಲಾಂಶಗಳಾದ ವೇರಿಯೇಬಲ್, ಷರತ್ತು, ಲೂಪ್, ಫಂಕ್ಷನ್‌ಗಳಿಗೂ ಇಲ್ಲ. ಅಂದಚೆಂದವನ್ನು ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಎಚ್‌ಟಿಎಂಎಲ್ ಬೇಕು. ಪುಟಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್‌ಗೆ ಎಚ್‌ಟಿಎಂಎಲ್ ಮತ್ತು ಮೂಲಾಂಶಗಳು ಎರಡೂ ಬೇಕು. ರಿಯಾಕ್ಟ್ ಮುಂತಾದುವು ಈ ಎಲ್ಲವುಗಳ ಮೇಲೆ ನಿಂತಿವೆ. ರಿಯಾಕ್ಟ್ ಬಿಡುಗಡೆಯಾದುದು 2013ರಲ್ಲಿ, ಜಾವಾಸ್ಕ್ರಿಪ್ಟ್ ಹುಟ್ಟಿದುದು 1995ರಲ್ಲಿ. ಮೇಲಿನ ಮಹಡಿ ಬದಲಾಗುತ್ತಲೇ ಇರುತ್ತದೆ, ತಳಪಾಯ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ಸಮಯದ ದೊಡ್ಡ ಪಾಲು ತಳಪಾಯಕ್ಕೆ ಸಲ್ಲಬೇಕು.

ದತ್ತಸಂಚಯಗಳ ಭಾಷೆಯಾದ ಎಸ್‌ಕ್ಯೂಎಲ್ ಸಹ ಹೀಗೆಯೇ ದೀರ್ಘಾಯುಷಿ. ಐಬಿಎಂ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಹುಟ್ಟಿದ ಇದರ ಮೂಲ ಸ್ವರೂಪ ಇಂದಿಗೂ ಹೆಚ್ಚು ಬದಲಾಗಿಲ್ಲ. ಇದನ್ನು ಕಲಿಯಲು ಬೇರೆ ಭಾಷೆಯ ಹಂಗಿಲ್ಲ; ವಾಣಿಜ್ಯ ಅಥವಾ ಕಲಾ ವಿಭಾಗದಿಂದ ಬಂದವರು ಇದರಿಂದಲೇ ಆರಂಭಿಸಬಹುದು. ಎಸ್‌ಕ್ಯೂಎಲ್ ಬಾರದೆ, ಅದನ್ನು ಮರೆಮಾಚುವ ಉಪಕರಣಗಳನ್ನು ಮಾತ್ರ ಕಲಿತವರು ಒಂದು ಸಾಮಾನ್ಯ ತಪ್ಪಿಗೆ ಸಿಲುಕುತ್ತಾರೆ. ನೂರು ವಿದ್ಯಾರ್ಥಿಗಳ ಹೆಸರು ಮತ್ತು ಅಂಕಗಳನ್ನು ತರಬೇಕಾದಾಗ ಅವರ ಪ್ರೋಗ್ರಾಮ್ ಹೆಸರುಗಳಿಗಾಗಿ ಒಂದು ಸಲ, ಬಳಿಕ ಪ್ರತಿಯೊಬ್ಬರ ಅಂಕಗಳಿಗಾಗಿ ಒಂದೊಂದು ಸಲ, ಒಟ್ಟು 101 ಸಲ ದತ್ತಸಂಚಯವನ್ನು ಪ್ರಶ್ನಿಸುತ್ತದೆ. ಎರಡು ಕೋಷ್ಟಕಗಳನ್ನು ಕೂಡಿಸುವ ಒಂದೇ ಪ್ರಶ್ನೆ ಸಾಕಾಗಿತ್ತು. ಹತ್ತು ಹೆಸರುಗಳಿರುವ ತರಬೇತಿಯ ಉದಾಹರಣೆಯಲ್ಲಿ ಈ ದೋಷ ಕಾಣಿಸುವುದೇ ಇಲ್ಲ.

ದತ್ತಾಂಶ ವಿಶ್ಲೇಷಣೆಯಲ್ಲಿ ಪೈಥಾನ್, ನಮ್‌ಪೈ, ಪಾಂಡಾಸ್ ಎಂಬ ಸಾಲು ರೂಢಿಯಲ್ಲಿದೆ. ಆದರೆ ಇದರ ಪಕ್ಕದಲ್ಲಿಯೇ ಸಂಖ್ಯಾಶಾಸ್ತ್ರವೂ ಸಾಗಬೇಕು. ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರ ತಿಳಿಯದವರು ಯಂತ್ರಕಲಿಕೆಯ ತರಬೇತಿಗೆ ಹಣ ತೆರುವುದು ಅವಸರವಾಗುತ್ತದೆ.

ಕೆಲವು ವಿಷಯಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಅವು ಮೊದಲ ತಿಂಗಳಿನಿಂದಲೇ ಉಳಿದವುಗಳ ಜೊತೆಗೆ ಬರಬೇಕು. ಬರೆದ ಪ್ರೋಗ್ರಾಮಿನ ಆವೃತ್ತಿಗಳನ್ನು ಕಾಪಾಡುವ ಗಿಟ್, ತಪ್ಪು ಹುಡುಕುವ ಡೀಬಗರ್, ಪರೀಕ್ಷೆಗಳನ್ನು ಬರೆಯುವ ಅಭ್ಯಾಸ ಇವು ಅಂಥವು. ತರಬೇತಿಗಳು ಇವನ್ನು ಕೊನೆಯ ವಾರಕ್ಕೆ ತಳ್ಳುತ್ತವೆ, ಕಚೇರಿಯಲ್ಲಿಯಾದರೋ ಮೊದಲ ದಿನವೇ ಇವು ಬೇಕಾಗುತ್ತವೆ.

ಪೂರ್ವಾಪೇಕ್ಷೆಗಳ ಜಾಲದಲ್ಲಿ ಸುತ್ತುಬಳಸು ಇದ್ದರೆ ಕಾನ್ ವಿಧಾನ ಉತ್ತರ ಕೊಡದೆ ನಿಂತುಬಿಡುತ್ತದೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ನಿರುದ್ಯೋಗಿಯ ಸಂಕಟವು ಇಂಥದೇ ಒಂದು ಸುತ್ತು. ಇದನ್ನು ಮುರಿಯಲು ಇನ್ನೊಂದು ಕೋರ್ಸು ನೆರವಾಗುವುದಿಲ್ಲ. ಸ್ವಂತವಾಗಿ ಕಟ್ಟಿದ, ಯಾರಾದರೂ ನಿಜವಾಗಿ ಬಳಸುತ್ತಿರುವ ಒಂದು ಚಿಕ್ಕ ತಂತ್ರಾಂಶ ಅಥವಾ ಮುಕ್ತ ತಂತ್ರಾಂಶವೊಂದಕ್ಕೆ ಸಲ್ಲಿಸಿದ ತಿದ್ದುಪಡಿ ಆ ಸ್ಥಾನವನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ.

ಮೊದಲ ಭಾಷೆ ಯಾವುದು?

ಈ ವಿವಾದ ಹಳೆಯದು. 1972ರ ಸುಮಾರಿಗೆ ಡೆನಿಸ್ ರಿಚ್ಚಿ ರೂಪಿಸಿದ ಸಿ ಭಾಷೆ ಭಾರತದ ಬಹುಪಾಲು ಕಾಲೇಜುಗಳಲ್ಲಿ ದೀರ್ಘಕಾಲ ಮೊದಲ ಭಾಷೆಯಾಗಿತ್ತು. ಸ್ಮೃತಿಕೋಶ, ವಿಳಾಸ, ಪಾಯಿಂಟರ್‌ಗಳನ್ನು ಅದು ನೇರವಾಗಿ ಎದುರಿಗಿಡುತ್ತದೆ. ಯಂತ್ರವು ಹೇಗೆ ಕೆಲಸ ಮಾಡುತ್ತದೆಂಬುದು ಅದರಿಂದ ತಿಳಿಯುತ್ತದೆ. ಆದರೆ ಹೊಸಬನಿಗೆ ಅದು ಕಠೋರ. ಐದು ಸಂಖ್ಯೆಗಳ ಪಟ್ಟಿಯಲ್ಲಿ ಇಲ್ಲದ ಹತ್ತನೆಯದನ್ನು ಕೇಳಿದರೆ ಸಿ ಪ್ರೋಗ್ರಾಮ್ ದೂರದೆ ಏನೋ ಒಂದು ಸಂಖ್ಯೆಯನ್ನು ತಂದುಕೊಡಬಹುದು. 1991ರಲ್ಲಿ ಗೀಡೋ ವಾನ್ ರಾಸಮ್ ಬಿಡುಗಡೆ ಮಾಡಿದ ಪೈಥಾನ್ ಅಲ್ಲಿಯೇ ನಿಂತು, ಪಟ್ಟಿಯ ಎಲ್ಲೆ ಮೀರಿದೆ ಎಂದು ಸಾಲಿನ ಸಂಖ್ಯೆಯೊಂದಿಗೆ ತಿಳಿಸುತ್ತದೆ. ಕಲಿಯುವವನಿಗೆ ತಪ್ಪು ಎಲ್ಲಿದೆಯೆಂದು ತೋರಿಸುವ ಗುರು ಬೇಕಲ್ಲವೇ?

ಈ ಕಾರಣದಿಂದ ಶಿಕ್ಷಣ ಸಂಸ್ಥೆಗಳು ಕ್ರಮೇಣ ಪೈಥಾನಿನತ್ತ ಸರಿದಿವೆ. ಸ್ಕೀಮ್ ಭಾಷೆಯಿಂದ ಆರಂಭಿಸುತ್ತಿದ್ದ ಅಮೆರಿಕದ ಎಂಐಟಿ ತನ್ನ ಪರಿಚಯ ಪಾಠವನ್ನು ಪೈಥಾನಿಗೆ ಬದಲಾಯಿಸಿತು. ನೀಲಿಟ್ ಸಂಸ್ಥೆಯ ಓ ಲೆವೆಲ್ ಪಠ್ಯದ ನಾಲ್ಕನೆಯ ಪರಿಷ್ಕರಣೆಯಲ್ಲಿ ಸಿ ಮೂಲಕ ಸಮಸ್ಯಾ ಪರಿಹಾರ ಎಂದಿದ್ದ ಪತ್ರಿಕೆ ಐದನೆಯ ಪರಿಷ್ಕರಣೆಯಲ್ಲಿ ಪೈಥಾನ್ ಮೂಲಕ ಎಂದಾಯಿತು. ಆದರೆ ಉದ್ಯೋಗದ ಗುರಿಯು ವಾಹನ ಅಥವಾ ಉಪಕರಣಗಳೊಳಗಿನ ನಿಯಂತ್ರಕಗಳಾದರೆ ಸಿ ತಪ್ಪಿಸಿಕೊಳ್ಳಲಾಗದು. ದೊಡ್ಡ ವಾಣಿಜ್ಯ ತಂತ್ರಾಂಶಗಳ ಕ್ಷೇತ್ರದಲ್ಲಿ ಜಾವಾ ಇನ್ನೂ ಭದ್ರವಾಗಿದೆ. ಮೊದಲ ಭಾಷೆಯನ್ನು ಆಳವಾಗಿ ಕಲಿತವನಿಗೆ ಎರಡನೆಯದು ಬಹಳ ಬೇಗ ದಕ್ಕುತ್ತದೆ. ಮೂರು ಭಾಷೆಗಳ ಮೊದಲ ಐದೈದು ಪಾಠಗಳನ್ನು ಕಲಿತವನ ಕೈಯಲ್ಲಿ ಮಾತ್ರ ಯಾವುದೂ ಉಳಿಯುವುದಿಲ್ಲ.

ತರಬೇತಿಯನ್ನು ಪರೀಕ್ಷಿಸುವ ಬಗೆ

ಶುಲ್ಕ ಕಟ್ಟುವ ಮೊದಲು ಪಠ್ಯಸೂಚಿಯನ್ನೂ ಒಂದು ಮಾದರಿ ಪಾಠವನ್ನೂ ಕೇಳಿ ಪಡೆಯಬೇಕು. ಪಾಠ ಹಳತೇ ಎಂದು ತಿಳಿಯಲು ಚಿಕ್ಕ ಕುರುಹುಗಳಿವೆ. ಪೈಥಾನಿನ ಎರಡನೆಯ ಆವೃತ್ತಿಯ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಪ್ರಿಂಟ್ ಎಂಬ ಪದದ ಮುಂದೆ ಆವರಣ ಚಿಹ್ನೆಯಿಲ್ಲದೆ ಪಠ್ಯವನ್ನು ಬರೆದಿದ್ದರೆ, ಅಥವಾ 5ನ್ನು 2ರಿಂದ ಭಾಗಿಸಿದರೆ 2 ಬರುತ್ತದೆಂದು ಹೇಳಿದ್ದರೆ ಅದು ಆ ಹಳೆಯ ಆವೃತ್ತಿ. ಹೊಸದರಲ್ಲಿ ಉತ್ತರ 2.5.

ಅದಕ್ಕಿಂತ ಮುಖ್ಯವಾದುದು ಅಭ್ಯಾಸದ ಪ್ರಮಾಣ. ಎಷ್ಟು ಗಂಟೆಯ ದೃಶ್ಯಪಾಠವಿದೆ ಎಂದು ಜಾಹೀರಾತು ಹೇಳುತ್ತದೆ, ಕಲಿಯುವವನು ತಾನೇ ಎಷ್ಟು ಪ್ರೋಗ್ರಾಮ್ ಬರೆಯಬೇಕು, ಅದನ್ನು ಯಾರು ತಿದ್ದುತ್ತಾರೆ ಎಂದು ಹೇಳುವುದಿಲ್ಲ. ಪಾಠ ನೋಡುತ್ತಿರುವಾಗ ಎಲ್ಲವೂ ತಿಳಿದಂತೆ ಭಾಸವಾಗುತ್ತದೆ, ಖಾಲಿ ಪರದೆಯ ಮುಂದೆ ಕುಳಿತಾಗ ಒಂದು ಸಾಲೂ ಹೊಳೆಯುವುದಿಲ್ಲ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ತಲೆಯಾಡಿಸಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರಿದಾದ ಹಾಳೆ ಕೊಡುವುದು ಇದರ ಹಳೆಯ ರೂಪ. ಒಂದು ಗಂಟೆ ನೋಡಿದರೆ ಎರಡು ಗಂಟೆಯಾದರೂ ಬರೆಯುವಷ್ಟು ಅವಕಾಶವಿರುವ ತರಬೇತಿ ಮೇಲು.

ಕೆಲಸ ಖಚಿತ ಎಂಬ ಭರವಸೆಯನ್ನು ಬರಹದಲ್ಲಿ ಪಡೆಯಬೇಕು. ಯಾವ ಷರತ್ತಿನಲ್ಲಿ ಹಣ ಮರಳುತ್ತದೆಂಬುದು ಅದರಲ್ಲಿರಬೇಕು. ಕಂತಿನಲ್ಲಿ ಕಟ್ಟುವ ಶುಲ್ಕವು ಅನೇಕ ಸಲ ಬೇರೊಂದು ಹಣಕಾಸು ಸಂಸ್ಥೆಯ ಸಾಲವಾಗಿರುತ್ತದೆ. ತರಬೇತಿ ಅರ್ಧಕ್ಕೆ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಹೊಲ ಅಡವಿಟ್ಟೋ ಒಡವೆ ಮಾರಿಯೋ ಮಗನನ್ನು ಬೆಂಗಳೂರಿನ ತರಬೇತಿಗೆ ಕಳುಹಿಸುವ ಕುಟುಂಬಗಳಿಗೆ ಈ ಒಂದು ಸಂಗತಿ ಉಳಿದೆಲ್ಲಕ್ಕಿಂತ ಮುಖ್ಯ. ಉಚಿತ ಪಾಠದಲ್ಲಿ ಒಂದು ತಿಂಗಳು ಅಭ್ಯಾಸ ಮಾಡಿ, ವಿಷಯ ತನಗೆ ಒಗ್ಗುತ್ತದೆಯೇ ಎಂದು ನೋಡಿಕೊಂಡ ಬಳಿಕ ಹಣ ಕಟ್ಟಿದರೆ ನಷ್ಟವೇನೂ ಇಲ್ಲ.

ಪ್ರಮಾಣಪತ್ರಗಳು

ಹಾಜರಾತಿಗೆ ದೊರೆಯುವ ಪ್ರಮಾಣಪತ್ರ ಬೇರೆ, ಪರೀಕ್ಷೆ ನಡೆಸಿ ಕೊಡುವುದು ಬೇರೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು 4, 8 ಅಥವಾ 12 ವಾರಗಳವು. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವಾರದ ಅಭ್ಯಾಸಗಳಿಗೆ ಶೇಕಡಾ 25, ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ ಶೇಕಡಾ 75 ಅಂಕಗಳಿರುವುದರಿಂದ ಇದಕ್ಕೆ ಒಂದು ಬೆಲೆಯಿದೆ. ನೀಲಿಟ್ ಸಂಸ್ಥೆಯ ಓ, ಎ, ಬಿ, ಸಿ ಎಂಬ ನಾಲ್ಕು ಹಂತಗಳ ಏಣಿಯು ಅನುಕ್ರಮಕ್ಕೆ ಒಳ್ಳೆಯ ನಿದರ್ಶನ. ತಂತ್ರಾಂಶ ಸಂಸ್ಥೆಗಳು ಸಂದರ್ಶನದಲ್ಲಿ ಪ್ರಮಾಣಪತ್ರಕ್ಕಿಂತ ಎದುರಿಗೇ ಪ್ರೋಗ್ರಾಮ್ ಬರೆಸಿ ನೋಡುವುದನ್ನು ನೆಚ್ಚುತ್ತವೆ. ಸರ್ಕಾರಿ ಹುದ್ದೆಗಳಲ್ಲಿ ಪ್ರಮಾಣಪತ್ರ ಅರ್ಹತೆಯ ಭಾಗವಾಗಿರುವುದುಂಟು.

ಕನ್ನಡದಲ್ಲಿ ಕಲಿಕೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ಎರಡು ಹೊರೆಗಳು ಒಟ್ಟಿಗೆ ಬೀಳುತ್ತವೆ, ಹೊಸ ವಿಷಯ ಮತ್ತು ಇಂಗ್ಲಿಷ್. ಐಐಟಿ ಮುಂಬೈನ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಚಿಕ್ಕ ಪಾಠಗಳಲ್ಲಿ ಹಲವಕ್ಕೆ ಕನ್ನಡ ಧ್ವನಿಯಿದೆ. ಪರದೆಯ ಮೇಲೆ ಪಾಠ ಒಂದು ಕಡೆ, ತಾನು ಬರೆಯುವ ಪ್ರೋಗ್ರಾಮ್ ಇನ್ನೊಂದು ಕಡೆ ಇಟ್ಟುಕೊಂಡು ಸಾಗುವಂತೆ ಅವನ್ನು ರೂಪಿಸಲಾಗಿದೆ. ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ವೇರಿಯೇಬಲ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಬೆಲೆ, ಪ್ರಮಾಣ, ಮೊತ್ತ ಎಂಬ ಹೆಸರುಗಳಿಟ್ಟು ಅಂಗಡಿಯ ಲೆಕ್ಕವನ್ನು ಬರೆದ ವಿದ್ಯಾರ್ಥಿಗೆ ವೇರಿಯೇಬಲ್ ಎಂದರೇನೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಆದರೆ ಭಾಷೆಯ ಮೀಸಲು ಪದಗಳೂ ದೋಷಸೂಚನೆಗಳೂ ಇಂಗ್ಲಿಷಿನಲ್ಲಿಯೇ ಇರುತ್ತವೆ. ಕಚೇರಿಯ ಪ್ರೋಗ್ರಾಮ್‌ಗಳಲ್ಲಿ ಹೆಸರುಗಳೂ ಇಂಗ್ಲಿಷಿನವೇ. ಆದ್ದರಿಂದ ಪರಿಕಲ್ಪನೆಯನ್ನು ಕನ್ನಡದಲ್ಲಿ ಗ್ರಹಿಸಿ, ಎರಡನೆಯ ತಿಂಗಳಿನಿಂದ ದೋಷಸೂಚನೆಗಳನ್ನು ಇಂಗ್ಲಿಷಿನಲ್ಲಿ ಓದುವ ರೂಢಿಯನ್ನು ಬೆಳೆಸಿಕೊಳ್ಳುವ ಕ್ರಮ ಅನುಕೂಲ. ಪದೇ ಪದೇ ಎದುರಾಗುವ ದೋಷಸೂಚನೆಗಳು ಮೂವತ್ತು ನಲವತ್ತನ್ನು ಮೀರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಅವುಗಳನ್ನು ಕನ್ನಡದ ಅರ್ಥದೊಂದಿಗೆ, ತಾನು ತಿದ್ದಿದ ಬಗೆಯೊಂದಿಗೆ ಬರೆದಿಟ್ಟುಕೊಳ್ಳಬಹುದು.

ಯಾಂತ್ರಿಕ ಬುದ್ಧಿಮತ್ತೆಯ ಪ್ರಭಾವ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಯಂತ್ರವೇ ಪ್ರೋಗ್ರಾಮ್ ಬರೆದುಕೊಡುವುದು ಸಾಮಾನ್ಯವಾಗಿದೆ. ಇದರಿಂದ ಅನುಕ್ರಮದಲ್ಲಿ ಒಂದು ಬದಲಾವಣೆ ಅಗತ್ಯವಾಗಿದೆ. ಇತರರು ಬರೆದ ಪ್ರೋಗ್ರಾಮನ್ನು ಓದಿ ತಪ್ಪು ಕಂಡುಹಿಡಿಯುವ ಕೌಶಲ ಮೊದಲು ಅನುಭವದಿಂದ ತಡವಾಗಿ ಬರುತ್ತಿತ್ತು. ಈಗ ಅದನ್ನು ಆರಂಭದಲ್ಲಿಯೇ ಕಲಿಸಬೇಕಾಗಿದೆ. ಮೂಲಾಂಶಗಳನ್ನು ಕಲಿಯುವ ತಿಂಗಳುಗಳಲ್ಲಿ ಈ ನೆರವನ್ನು ದೂರವಿಟ್ಟು, ಸ್ವಂತವಾಗಿ ನೂರು ಸಾಲುಗಳ ಪ್ರೋಗ್ರಾಮ್ ಬರೆಯಬಲ್ಲವರಾದ ಮೇಲೆ ಬಳಸತೊಡಗಿದರೆ ಯಂತ್ರ ಕೊಟ್ಟುದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ಗುರುತಿಸಲು ಸಾಧ್ಯವಾಗುತ್ತದೆ.